ಪಾಠಪೀಠವೂ ಪ್ರವಚನಪೀಠವೂ: ಕ್ರೈಸ್ತ ದೈವಶಾಸ್ತ್ರದ ಬೋಧನೆಯಲ್ಲಿ ಒಂದು ವಿವಾದ

ಧರ್ಮಗ್ರಂಥವೊಂದನ್ನು ಶ್ರದ್ಧೆಯಿಂದ ಪಾರಾಯಣ ಮಾಡುವುದು ಬೇರೆ, ಅದನ್ನು ಶಾಸ್ತ್ರವಾಗಿ ಅಭ್ಯಸಿಸುವುದು ಬೇರೆ. ಮೊದಲನೆಯದರಲ್ಲಿ ಓದುವವನು ಗ್ರಂಥದ ಮುಂದೆ ತಲೆಬಾಗುತ್ತಾನೆ. ಎರಡನೆಯದರಲ್ಲಿ ಗ್ರಂಥವನ್ನು ಪ್ರಶ್ನಿಸುತ್ತಾನೆ. ಈ ಎರಡು ಮನೋಧರ್ಮಗಳೂ ಒಂದೇ ಕೊಠಡಿಯಲ್ಲಿ ಎದುರುಬದುರಾದಾಗ ಬೋಧಕನು ಯಾವುದಕ್ಕೆ ಬದ್ಧನಾಗಿರಬೇಕು? ಮಠದ ಪ್ರವಚನವನ್ನೂ ಕೇಳಿ, ವಿಶ್ವವಿದ್ಯಾನಿಲಯದ ತರಗತಿಯಲ್ಲಿ ವಚನಗಳನ್ನೂ ಓದಿದವರಿಗೆ ಈ ಪ್ರಶ್ನೆ ಅಪರಿಚಿತವಾದುದಲ್ಲ. ಕ್ರೈಸ್ತಧರ್ಮದಲ್ಲಿ ಇದು ಬಹುಕಾಲದಿಂದ ಚರ್ಚೆಗೆ ಒಳಗಾಗುತ್ತ ಬಂದಿದೆ. ಇಪ್ಪತ್ತನೆಯ ಶತಮಾನದಲ್ಲಿ ಒಬ್ಬ ಗುರು ಮತ್ತು ಅವನ ಶಿಷ್ಯನ ನಡುವೆ ಬಹಿರಂಗ ವಾದವಾಗಿಯೇ ಪರಿಣಮಿಸಿತು. ಆ ವಾದವನ್ನು ತಿಳಿಯಬೇಕಾದರೆ ಅದರ ಹಿಂದಿರುವ ಬೋಧನಾ ಪರಂಪರೆಯನ್ನು ಸ್ವಲ್ಪಮಟ್ಟಿಗಾದರೂ ಅರಿತಿರಬೇಕಾಗುತ್ತದೆ.

ಹನ್ನೆರಡು ಹದಿಮೂರನೆಯ ಶತಮಾನಗಳಲ್ಲಿ ಪ್ಯಾರಿಸ್ ನಗರದ ವಿದ್ಯಾಪೀಠವು ದೈವಶಾಸ್ತ್ರಕ್ಕೆ ಮುಖ್ಯ ನೆಲೆಯಾಗಿದ್ದಿತು. ದೇವರು, ಸೃಷ್ಟಿ, ಮಾನವನ ಪಾಪ, ಕ್ರಿಸ್ತನ ಅವತಾರ, ಸಂಸ್ಕಾರಗಳು ಇವುಗಳ ವ್ಯವಸ್ಥಿತ ವಿಚಾರವೇ ದೈವಶಾಸ್ತ್ರ. ಅಲ್ಲಿ ಪಾಠವೆಂದರೆ ಗ್ರಂಥವನ್ನು ಗಟ್ಟಿಯಾಗಿ ಓದಿ ವ್ಯಾಖ್ಯಾನಿಸುವುದು. ವಿದ್ಯಾರ್ಥಿಯು ಮೊದಲು ಬೈಬಲನ್ನು, ಅನಂತರ ಪೀಟರ್ ಲೊಂಬಾರ್ಡನು ನಾಲ್ಕು ಸಂಪುಟಗಳಲ್ಲಿ ಸಂಕಲಿಸಿದ 'ಸೂಕ್ತಿಗಳು' ಎಂಬ ಗ್ರಂಥವನ್ನು ತಾನೇ ಪಾಠ ಹೇಳಿ ತೋರಿಸಿದ ಮೇಲೆಯೇ ಆಚಾರ್ಯ ಪದವಿಗೆ ಅರ್ಹನಾಗುತ್ತಿದ್ದನು. ತೋಮಸ್ ಅಕ್ವೈನಸನೂ 1250ರ ದಶಕದಲ್ಲಿ ಹೀಗೆಯೇ ಪಾಠ ಹೇಳಿದವನು. ಪಾಠದ ಜೊತೆಗೆ ವಾದವೂ ಇದ್ದಿತು. ಮೊದಲು ವಿರುದ್ಧ ಪಕ್ಷದ ಆಕ್ಷೇಪಗಳು, ಅನಂತರ ಸಿದ್ಧಾಂತ, ಕೊನೆಗೆ ಒಂದೊಂದು ಆಕ್ಷೇಪಕ್ಕೂ ಸಮಾಧಾನ. ಅಕ್ವೈನಸನ ಗ್ರಂಥಗಳ ರಚನೆಯೂ ಇದೇ ಕ್ರಮದ್ದು. ನಮ್ಮ ಶಾಸ್ತ್ರಗ್ರಂಥಗಳ ಪೂರ್ವಪಕ್ಷ-ಸಿದ್ಧಾಂತ ಕ್ರಮವನ್ನು ಬಲ್ಲವರಿಗೆ ಇದು ತೀರ ಹತ್ತಿರದ್ದಾಗಿ ಕಾಣುತ್ತದೆ. ವರ್ಷಕ್ಕೆ ಎರಡು ಬಾರಿ, ಕ್ರಿಸ್ತಜಯಂತಿಗೆ ಮುಂಚಿನ ಆಗಮನಕಾಲದಲ್ಲಿ ಮತ್ತು ಈಸ್ಟರಿಗೆ ಮುಂಚಿನ ಉಪವಾಸಕಾಲದಲ್ಲಿ, ವಿಶೇಷ ಸಭೆಯೊಂದು ಸೇರುತ್ತಿದ್ದಿತು. ಅಲ್ಲಿ ನೆರೆದವರಲ್ಲಿ ಯಾರು ಬೇಕಾದರೂ ಯಾವ ವಿಷಯವನ್ನು ಬೇಕಾದರೂ ಆಚಾರ್ಯನ ಮುಂದೆ ಇಡಬಹುದಾಗಿದ್ದಿತು. ಸಾರ್ವಜನಿಕ ಉಪನ್ಯಾಸದ ಬೀಜ ಈ ಸಭೆಗಳಲ್ಲಿಯೇ ಇದೆಯೆಂದರೆ ತಪ್ಪಾಗಲಾರದು.

ತರಗತಿಯ ಪಾಠವೊಂದು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಮಾರ್ಟಿನ್ ಲೂಥರನೇ ನಿದರ್ಶನ. ಅವನು 1512ರಲ್ಲಿ ದೈವಶಾಸ್ತ್ರದ ಡಾಕ್ಟರನಾಗಿ ವಿಟೆನ್‌ಬರ್ಗಿನಲ್ಲಿ ಬೈಬಲ್ ಬೋಧಕನಾದನು. 1513ರಲ್ಲಿ ಕೀರ್ತನೆಗಳ ಪಾಠವನ್ನು ಆರಂಭಿಸಿದಾಗ ಮೂಲಪಾಠವನ್ನು ಸಾಲುಗಳ ನಡುವೆಯೂ ಅಂಚುಗಳಲ್ಲಿಯೂ ಧಾರಾಳವಾಗಿ ಜಾಗ ಬಿಟ್ಟು ಮುದ್ರಿಸಿಕೊಂಡಿದ್ದನು. ಟಿಪ್ಪಣಿಗಳನ್ನು ಬರೆದುಕೊಳ್ಳಲು ಆ ಜಾಗ. 1515-16ರಲ್ಲಿ ಪೌಲನು ರೋಮಿನವರಿಗೆ ಬರೆದ ಪತ್ರಿಕೆಯನ್ನು ಪಾಠ ಹೇಳಿದನು. ಮಾನವನು ತನ್ನ ಸತ್ಕರ್ಮಗಳಿಂದಲ್ಲ, ದೇವರ ಕೃಪೆಯಲ್ಲಿಟ್ಟ ವಿಶ್ವಾಸದಿಂದಲೇ ನೀತಿವಂತನೆನಿಸುವನು ಎಂಬ ಅವನ ವಿಚಾರವು ಬೆಳೆದುದು ಇಂತಹ ಪಾಠಗಳ ನಡುವೆ. ಆ ರೋಮಾ ಪಾಠದ ಪೂರ್ಣರೂಪವು ಮುದ್ರಣಗೊಂಡುದು 1908ರಲ್ಲಿ. ಸುಮಾರು ನಾಲ್ಕು ಶತಮಾನಗಳ ಕಾಲ ಅದು ಲೋಕಕ್ಕೆ ಮರೆಯಾಗಿಯೇ ಉಳಿದಿದ್ದಿತು.

ವಿದ್ಯಾಪೀಠದ ಪಾಠವು ಪದವಿಗಾಗಿ ಬಂದವರಿಗೆ ಮೀಸಲು. ಊರ ಜನಕ್ಕೆ ದೈವಶಾಸ್ತ್ರವನ್ನು ತಲುಪಿಸುವ ಕೆಲಸವನ್ನು ಇಂಗ್ಲೆಂಡಿನಲ್ಲಿ ದತ್ತಿ ಉಪನ್ಯಾಸಗಳು ಕೈಗೊಂಡವು. ರಸಾಯನಶಾಸ್ತ್ರಜ್ಞನಾದ ರಾಬರ್ಟ್ ಬಾಯ್ಲನು ತನ್ನ ಉಯಿಲಿನಲ್ಲಿ ವರ್ಷಕ್ಕೆ 50 ಪೌಂಡುಗಳನ್ನು ಇದಕ್ಕೆಂದು ಗೊತ್ತುಮಾಡಿದನು. ನಾಸ್ತಿಕರೇ ಮೊದಲಾದ ಪರಪಕ್ಷದವರ ಎದುರು ಕ್ರೈಸ್ತಧರ್ಮವನ್ನು ಸಮರ್ಥಿಸುವುದು, ಆದರೆ ಕ್ರೈಸ್ತರ ಒಳಜಗಳಗಳಿಗೆ ಕೈಹಾಕದಿರುವುದು ಅವನು ವಿಧಿಸಿದ ನಿಯಮ. 1692ರಲ್ಲಿ ಮೊದಲ ಉಪನ್ಯಾಸಗಳನ್ನು ನೀಡಿದ ರಿಚರ್ಡ್ ಬೆಂಟ್ಲಿಯು ಅವುಗಳಿಗಾಗಿ ನ್ಯೂಟನನೊಡನೆ ಪತ್ರವ್ಯವಹಾರ ನಡೆಸಿದನೆಂಬುದು ಗಮನಾರ್ಹ. 1780ರಲ್ಲಿ ಆಕ್ಸ್‌ಫರ್ಡಿನಲ್ಲಿ ಆರಂಭವಾದ ಬ್ಯಾಂಪ್ಟನ್ ಉಪನ್ಯಾಸಗಳ ಉದ್ದೇಶವೂ ಬೇರೆಯಲ್ಲ: ಕ್ರೈಸ್ತವಿಶ್ವಾಸವನ್ನು ದೃಢಪಡಿಸುವುದು, ಭಿನ್ನಮತಗಳನ್ನು ಖಂಡಿಸುವುದು. ಇಲ್ಲಿ ಉಪನ್ಯಾಸಕನು ವಕೀಲ. ಯಾವ ಪಕ್ಷವು ಗೆಲ್ಲಬೇಕೆಂಬುದು ಉಯಿಲಿನಲ್ಲಿಯೇ ತೀರ್ಮಾನವಾಗಿರುತ್ತಿದ್ದಿತು.

ಈ ಕ್ರಮವನ್ನು ತಲೆಕೆಳಗು ಮಾಡಿದವನು, ಸೋಜಿಗವೆಂಬಂತೆ, ಒಬ್ಬ ನ್ಯಾಯಾಧೀಶ. ಸ್ಕಾಟ್ಲೆಂಡಿನ ಉನ್ನತ ನ್ಯಾಯಾಲಯದಲ್ಲಿದ್ದ ಆಡಂ ಗಿಫರ್ಡನು 1885ರ ತನ್ನ ಉಯಿಲಿನಲ್ಲಿ ಎಡಿನ್‌ಬರೋ, ಗ್ಲಾಸ್ಗೋ, ಆಬರ್ಡೀನ್, ಸೇಂಟ್ ಆಂಡ್ರೂಸ್ ಎಂಬ ನಾಲ್ಕು ವಿಶ್ವವಿದ್ಯಾನಿಲಯಗಳಿಗೆ ಒಟ್ಟು 80,000 ಪೌಂಡುಗಳನ್ನು ಬಿಟ್ಟುಹೋದನು. ಉಪನ್ಯಾಸಕನು ಯಾವ ಧರ್ಮದವನಾದರೂ ಆಗಬಹುದು, ಧರ್ಮವೇ ಇಲ್ಲದವನೂ ಆಗಬಹುದು. ಅವನಿಂದ ಯಾವ ಪ್ರಮಾಣವಚನವನ್ನೂ ಕೇಳತಕ್ಕದ್ದಲ್ಲ. ವಿಷಯವು ದೇವರ ಜ್ಞಾನ. ಆದರೆ ಖಗೋಳಶಾಸ್ತ್ರವನ್ನೋ ರಸಾಯನಶಾಸ್ತ್ರವನ್ನೋ ಪರಿಶೀಲಿಸುವಂತೆ, ಪವಾಡಗಳನ್ನೂ ವಿಶೇಷ ದೈವೀ ಪ್ರಕಟಣೆಯನ್ನೂ ಆಧಾರವಾಗಿ ಹಿಡಿಯದೆ, ಅದನ್ನು ಪರಿಶೀಲಿಸಬೇಕು. ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ಊರಿನ ಎಲ್ಲರಿಗೂ ಉಪನ್ಯಾಸಗಳು ತೆರೆದಿರಬೇಕು. ನ್ಯಾಯಪೀಠದಲ್ಲಿ ಕುಳಿತು ಎರಡೂ ಪಕ್ಷಗಳನ್ನು ಕೇಳಿ ಅಭ್ಯಾಸವಾದವನಿಗೆ ಮಾತ್ರ ಇಂತಹ ಉಯಿಲು ತೋಚಿರಬೇಕು.

1888ರಲ್ಲಿ ಉಪನ್ಯಾಸಗಳು ಆರಂಭವಾದಾಗ ಗ್ಲಾಸ್ಗೋಕ್ಕೆ ಬಂದವನು ಋಗ್ವೇದದ ಸಂಪಾದಕನೆಂದು ನಮ್ಮವರಿಗೆ ಸುಪರಿಚಿತನಾದ ಮ್ಯಾಕ್ಸ್ ಮುಲ್ಲರ್. ಕೇವಲ ಒಂದು ಧರ್ಮವನ್ನು ಬಲ್ಲವನು ಆ ಒಂದನ್ನೂ ಸರಿಯಾಗಿ ಅರಿತವನಲ್ಲ ಎಂಬುದು ಅವನ ಬಹುಕಾಲದ ನಿಲುವು. ಕೊನೆಯ ಶ್ರೇಣಿಯಲ್ಲಿ ಅವನು ವೇದಾಂತವನ್ನೂ ಕ್ರೈಸ್ತ ಅನುಭಾವಿಗಳನ್ನೂ ಅಕ್ಕಪಕ್ಕದಲ್ಲಿರಿಸಿ ವಿವೇಚಿಸಿದನು. ಸ್ಥಳೀಯ ಪಾದ್ರಿಗಳಲ್ಲಿ ಕೆಲವರಿಗೆ ಇದು ಸಹಿಸಲಾಗಲಿಲ್ಲ. 1891ರಲ್ಲಿ ಗ್ಲಾಸ್ಗೋವಿನ ಧರ್ಮಮಂಡಲಿಯಲ್ಲಿ ಅವನ ಬೋಧನೆ ವಿಶ್ವಾಸಘಾತಕವೆಂಬ ಆಕ್ಷೇಪ ಬಂದಿತು. ಉಪನ್ಯಾಸಗಳು ಮಾತ್ರ ನಿಲ್ಲಲಿಲ್ಲ. ಮುಂದೆ ವಿಲಿಯಂ ಜೇಮ್ಸನು 1901-02ರಲ್ಲಿ ಎಡಿನ್‌ಬರೋದಲ್ಲಿ ಧಾರ್ಮಿಕ ಅನುಭವದ ಬಗೆಗಳನ್ನು ಕುರಿತು ಮಾತನಾಡಿದನು. ಸ್ತ್ರೀಯೊಬ್ಬರು ಈ ಪೀಠವನ್ನೇರಲು ಮಾತ್ರ 1973ರವರೆಗೆ ಕಾಯಬೇಕಾಯಿತು; ಆ ವರ್ಷ ಆಬರ್ಡೀನಿನಲ್ಲಿ ಹನ್ನಾ ಆರೆಂಟ್ ಉಪನ್ಯಾಸ ನೀಡಿದರು. ಎಲ್ಲರಿಗೂ ತೆರೆದ ಬಾಗಿಲು ಎಂಬ ಮಾತಿಗೆ ಎಷ್ಟೋ ಕಾಲ ಅರ್ಧ ಅರ್ಥವೇ ಇದ್ದಿತೆನ್ನಬೇಕು.

ಜರ್ಮನಿಯಲ್ಲಿ ಸ್ಥಿತಿ ಬೇರೆ. ಅಲ್ಲಿ ದೈವಶಾಸ್ತ್ರವು ಸರಕಾರಿ ವಿಶ್ವವಿದ್ಯಾನಿಲಯದ ಒಂದು ವಿಭಾಗ. ಚರ್ಚಿನ ಪಾದ್ರಿಗಳಾಗುವವರು ಅಲ್ಲಿಯೇ ಕಲಿಯಬೇಕು, ಬೋಧಕರು ಇತಿಹಾಸ ಮತ್ತು ಭಾಷಾಶಾಸ್ತ್ರಗಳ ನಿಯಮಗಳಿಗೆ ಬದ್ಧರು. ಬೈಬಲಿನ ಪುಸ್ತಕಗಳು ಯಾವಾಗ ರಚಿತವಾದವು, ಯಾರ ಕೈಯಲ್ಲಿ ಬೆಳೆದವು, ಪ್ರಾಚೀನ ಪ್ರತಿಗಳ ಪಾಠಾಂತರಗಳೇನು ಎಂಬ ವಿಮರ್ಶೆಯಲ್ಲಿ ಆ ವಿಭಾಗಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿಗೇ ಮುಂದಾಳುಗಳಾಗಿದ್ದವು. ಈ ಪರಂಪರೆಯ ಶಿಖರಪ್ರಾಯನಾದವನು ಬರ್ಲಿನ್ನಿನ ಅಡೋಲ್ಫ್ ಹಾರ್ನಾಕ್.

1899-1900ರ ಚಳಿಗಾಲದಲ್ಲಿ ಹಾರ್ನಾಕನು ಕ್ರೈಸ್ತಧರ್ಮದ ಸಾರವೇನೆಂಬುದನ್ನು ಕುರಿತು ಹದಿನಾರು ಉಪನ್ಯಾಸಗಳನ್ನು ಮಾಡಿದನು. ದೈವಶಾಸ್ತ್ರದವರಿಗೆ ಮಾತ್ರವಲ್ಲ, ಎಲ್ಲ ವಿಭಾಗಗಳ ವಿದ್ಯಾರ್ಥಿಗಳಿಗೂ ಪ್ರವೇಶವಿದ್ದಿತು; ಸುಮಾರು 600 ಮಂದಿ ಸೇರುತ್ತಿದ್ದರು. ಅವನು ಬರಹವನ್ನು ಎದುರಿಗಿಟ್ಟುಕೊಳ್ಳದೆ ಮಾತನಾಡಿದನು. ವಿದ್ಯಾರ್ಥಿಯೊಬ್ಬನು ಎಲ್ಲವನ್ನೂ ಶೀಘ್ರಲಿಪಿಯಲ್ಲಿ ಬರೆದುಕೊಂಡು ಕೊನೆಗೆ ಗುರುವಿನ ಕೈಯಲ್ಲಿರಿಸಿದನು. ಅದೇ 1900ರಲ್ಲಿ ಗ್ರಂಥವಾಗಿ ಹೊರಬಂದು ಹಲವು ಭಾಷೆಗಳಿಗೆ ಅನುವಾದವಾಯಿತು. ಆ ಬರಹಗಾರ ವಿದ್ಯಾರ್ಥಿಯಿಲ್ಲದಿದ್ದರೆ ಶತಮಾನದ ಅತ್ಯಂತ ಪ್ರಸಿದ್ಧ ಧಾರ್ಮಿಕ ಗ್ರಂಥಗಳಲ್ಲೊಂದು ಗಾಳಿಯಲ್ಲಿ ಕರಗಿಹೋಗುತ್ತಿದ್ದಿತು.

ಹಾರ್ನಾಕನ ವಾದ ಸರಳವಾದುದು. ಸುವಾರ್ತೆಗೆ ಒಂದು ತಿರುಳುಂಟು, ಕಾಲಕಾಲಕ್ಕೆ ಕೂಡಿಕೊಂಡ ಸಿಪ್ಪೆಯೂ ಉಂಟು. ಇತಿಹಾಸಕಾರನು ಸಿಪ್ಪೆಯನ್ನು ತೆಗೆದು ತಿರುಳನ್ನು ತೋರಿಸಬೇಕು. ದೇವರ ರಾಜ್ಯದ ಆಗಮನ, ತಂದೆಯಾದ ದೇವರು ಮತ್ತು ಮಾನವಾತ್ಮದ ಅಪರಿಮಿತ ಬೆಲೆ, ಉನ್ನತವಾದ ನೀತಿ ಹಾಗೂ ಪ್ರೀತಿಯ ಆಜ್ಞೆ: ಯೇಸುವಿನ ಬೋಧನೆಯ ತಿರುಳು ಇಷ್ಟೇ. ಯೇಸು ಬೋಧಿಸಿದುದು ತಂದೆಯನ್ನು ಕುರಿತೇ ಹೊರತು ತನ್ನನ್ನು ಕುರಿತಲ್ಲ ಎಂಬ ಅವನ ಮಾತು ಅನೇಕರನ್ನು ಕೆರಳಿಸಿತು. ಪಾದ್ರಿಗಳು ಪ್ರತಿಭಟಿಸಿದರು, ನಗರದ ವಿದ್ಯಾವಂತರು ಕೊಂಡಾಡಿದರು.

ಬಹಿರಂಗ ಉಪನ್ಯಾಸದ ಗುಣವೇನೆಂದರೆ, ಅದು ಹೊರಗಿನವನ ಉತ್ತರವನ್ನೂ ಆಹ್ವಾನಿಸುತ್ತದೆ. ಫ್ರಾನ್ಸಿನ ಕಥೋಲಿಕ ಪಂಡಿತ ಆಲ್ಫ್ರೆಡ್ ಲ್ವಾಸಿಯು 1902ರಲ್ಲಿ ಗ್ರಂಥರೂಪವಾದ ಪ್ರತ್ಯುತ್ತರವನ್ನು ಬರೆದನು. ಬೆಳೆದ ಮರದ ಸ್ವರೂಪವನ್ನು ಅದರ ಬೆಳವಣಿಗೆಯಲ್ಲಿಯೇ ಕಾಣಬೇಕು; ಎಲ್ಲವನ್ನೂ ಸುಲಿದು ಒಳಗಿನ ಬೀಜವೇ ಮರವೆನ್ನುವುದು ಸಲ್ಲದು ಎಂಬ ಧಾಟಿಯಲ್ಲಿ ಅವನು ಚರ್ಚಿನ ಪರಂಪರೆಯನ್ನು ಸಮರ್ಥಿಸಿದನು. ಚರ್ಚಿನ ಪರವಾಗಿ ಬರೆದ ಆ ಗ್ರಂಥವನ್ನೇ ಚರ್ಚು 1903ರಲ್ಲಿ ನಿಷಿದ್ಧ ಗ್ರಂಥಗಳ ಪಟ್ಟಿಗೆ ಸೇರಿಸಿತು. 1908ರಲ್ಲಿ ಲ್ವಾಸಿಗೆ ಬಹಿಷ್ಕಾರವಾಯಿತು. ಅವನೂ ಇತಿಹಾಸದ ವಿಮರ್ಶೆಯ ಆಯುಧವನ್ನೇ ಹಿಡಿದಿದ್ದನೆಂಬುದು ಅಪರಾಧ. ಯೆಹೂದ್ಯ ಧರ್ಮಗುರುವಾದ ಲಿಯೋ ಬೆಕ್ 1905ರಲ್ಲಿ ಯೆಹೂದ್ಯಧರ್ಮದ ಸಾರವನ್ನು ಕುರಿತು ಗ್ರಂಥ ಬರೆದನು. ಯೇಸುವನ್ನು ಎತ್ತಿಹಿಡಿಯಲು ಹಾರ್ನಾಕನು ಯೆಹೂದ್ಯಧರ್ಮವನ್ನು ಬರಿಯ ಕತ್ತಲೆಯಾಗಿ ಚಿತ್ರಿಸಿದ್ದನೆಂಬುದೂ, ಯೇಸು ತನ್ನ ಜನರ ನಡುವಿನ ಒಬ್ಬ ಯೆಹೂದ್ಯನೇ ಎಂಬುದೂ ಬೆಕ್ ಎತ್ತಿದ ಆಕ್ಷೇಪ. ಈ ಆಕ್ಷೇಪದ ತೂಕವು ಆ ಕಾಲಕ್ಕಿಂತ ಈಗ ಹೆಚ್ಚು ಸ್ಪಷ್ಟವಾಗಿದೆ.

ಹಾರ್ನಾಕನಿಗೆ ಬಲವಾದ ವಿರೋಧ ಬಂದುದು ಮಾತ್ರ ಅವನ ತರಗತಿಯಿಂದಲೇ. ಕಾರ್ಲ್ ಬಾರ್ತ್ ಎಂಬ ಸ್ವಿಸ್ ತರುಣನು 1906-07ರಲ್ಲಿ ಬರ್ಲಿನ್ನಿನಲ್ಲಿ ಅವನ ಶಿಷ್ಯನಾಗಿದ್ದನು. 1914ರ ಯುದ್ಧ ಆರಂಭವಾದಾಗ ಜರ್ಮನಿಯ ಯುದ್ಧನೀತಿಯನ್ನು ಸಮರ್ಥಿಸಿ 93 ವಿದ್ವಾಂಸರು ಹೊರಡಿಸಿದ ಹೇಳಿಕೆಗೆ ಸಹಿ ಹಾಕಿದವರಲ್ಲಿ ಗುರುವಿನ ಹೆಸರನ್ನು ಕಂಡು ಅವನು ದಿಗ್ಭ್ರಮೆಗೊಂಡನು. ಇಷ್ಟು ವಿದ್ವತ್ತಿದ್ದೂ ಈ ದೈವಶಾಸ್ತ್ರವು ಫಿರಂಗಿಯ ಮುಂದೆ ಮೂಕವಾದುದೇಕೆ? ಸಾಫೆನ್‌ವಿಲ್ ಎಂಬ ಸಣ್ಣ ಊರಿನ ಪಾದ್ರಿಯಾಗಿದ್ದುಕೊಂಡೇ ಅವನು, ಲೂಥರನು ಪಾಠ ಹೇಳಿದ್ದ ಅದೇ ರೋಮಾ ಪತ್ರಿಕೆಗೆ ವ್ಯಾಖ್ಯಾನ ಬರೆದು 1919ರಲ್ಲಿ ಪ್ರಕಟಿಸಿದನು. 1922ರಲ್ಲಿ ಪೂರ್ತಿ ತಿದ್ದಿ ಬರೆದನು. ದೇವರು ಮಾನವನ ಸಂಸ್ಕೃತಿಯ ತುತ್ತತುದಿಯಲ್ಲ, ಅದಕ್ಕೆ ತೀರ ಅನ್ಯನಾದವನು. ಅವನೇ ಮಾತನಾಡಿದ ಹೊರತು ಮಾನವನು ಅವನನ್ನು ಅರಿಯಲಾರ ಎಂಬುದು ಅದರ ಮುಖ್ಯ ಧ್ವನಿ.

1923ರಲ್ಲಿ ಹಾರ್ನಾಕನು ವೈಜ್ಞಾನಿಕ ದೈವಶಾಸ್ತ್ರವನ್ನು ಹಳಿಯುವವರಿಗೆಂದು ಹದಿನೈದು ಪ್ರಶ್ನೆಗಳನ್ನು ಪತ್ರಿಕೆಯೊಂದರಲ್ಲಿ ಪ್ರಕಟಿಸಿದನು. ಬಾರ್ತನು ಹದಿನೈದು ಉತ್ತರಗಳನ್ನು ಕೊಟ್ಟನು. ಗುರುಶಿಷ್ಯರ ಈ ಸಂವಾದದ ಮರ್ಮವಿರುವುದು ಒಂದೇ ಎಡೆಯಲ್ಲಿ. ದೈವಶಾಸ್ತ್ರದ ಕೆಲಸವೂ ಪ್ರವಚನದ ಕೆಲಸವೂ ಒಂದೇ ಎಂದು ಬಾರ್ತನು ಹೇಳಿದನು. ದೇವರ ವಾಕ್ಯವನ್ನು ಕೇಳಿ ಮುಂದಕ್ಕೆ ಹೇಳುವುದೇ ಎರಡರ ಗುರಿ. ಹಾರ್ನಾಕನು ಇದರಲ್ಲಿ ಅಪಾಯವನ್ನು ಕಂಡನು: ಪಾಠಪೀಠವನ್ನು ಪ್ರವಚನಪೀಠವಾಗಿ ಮಾರ್ಪಡಿಸಿದರೆ ಬೋಧಕನ ಮಾತನ್ನು ಅಳೆಯುವ ಅಳತೆಗೋಲೇ ಇಲ್ಲವಾಗುತ್ತದೆ. ಅನುಭವವನ್ನು ಹೇಳಿಕೊಳ್ಳುವವನನ್ನು ಯಾರು ತಿದ್ದಬೇಕು? ಶಾಸ್ತ್ರವು ಎಲ್ಲರ ಪರೀಕ್ಷೆಗೂ ಒಳಪಡಬೇಕಾದರೆ ಅದು ಎಲ್ಲರಿಗೂ ಸಮಾನವಾದ ಪ್ರಮಾಣಗಳ ಮೇಲೆ ನಿಂತಿರಬೇಕು. ಈ ಆಕ್ಷೇಪವನ್ನು ಲಘುವಾಗಿ ತೆಗೆದುಹಾಕುವಂತಿಲ್ಲ. ಪಾಂಡಿತ್ಯವಿಲ್ಲದ ಆವೇಶವನ್ನೇ ಅನುಭಾವವೆಂದು ಮಾರುವವರು ಎಲ್ಲ ಧರ್ಮಗಳಲ್ಲಿಯೂ ಇದ್ದಾರೆ.

ಆದರೆ ಹತ್ತು ವರ್ಷಗಳಲ್ಲಿ ಇತಿಹಾಸವು ಮತ್ತೊಂದು ಬಗೆಯ ಪರೀಕ್ಷೆಯನ್ನೇ ಒಡ್ಡಿತು. ಹಾರ್ನಾಕನು 1930ರಲ್ಲಿ ತೀರಿಕೊಂಡಿದ್ದನು. 1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದ ಮೇಲೆ ತರಗತಿಗಳನ್ನು ಅವನಿಗೆ ಸಲ್ಲಿಸುವ ವಂದನೆಯೊಂದಿಗೆ ಆರಂಭಿಸಬೇಕಾಯಿತು. ಆಗ ಬಾನ್ ನಗರದಲ್ಲಿ ಪ್ರಾಧ್ಯಾಪಕನಾಗಿದ್ದ ಬಾರ್ತನು ತನ್ನ ಪಾಠವನ್ನು ಭಕ್ತಿಗೀತೆ, ಪ್ರಾರ್ಥನೆಗಳಿಂದ ಆರಂಭಿಸುತ್ತಿದ್ದನು; ಅಲ್ಲಿ ಆ ವಂದನೆಗೆ ಸ್ಥಳವಿಲ್ಲವೆಂದು ನಿರಾಕರಿಸಿದನು. ಹಿಟ್ಲರನಿಗೆ ನಿಷ್ಠೆಯ ಪ್ರತಿಜ್ಞೆಯನ್ನು ಷರತ್ತಿಲ್ಲದೆ ಸ್ವೀಕರಿಸಲೂ ಒಪ್ಪಲಿಲ್ಲ. 1935ರಲ್ಲಿ ಕೆಲಸದಿಂದ ವಜಾಗೊಂಡು ತನ್ನ ಹುಟ್ಟೂರಾದ ಬಾಸೆಲ್ಲಿಗೆ ಮರಳಿದನು. ಪ್ರವಚನಪೀಠದ ವಾಸನೆ ಹತ್ತಿದ ಪಾಠಪೀಠವು ಆ ದಿನ ನೆಟ್ಟಗೆ ನಿಂತಿತು. ಕೇವಲ ವೈಜ್ಞಾನಿಕವೆಂದು ಹೆಮ್ಮೆಪಟ್ಟ ಎಷ್ಟೋ ಪೀಠಗಳು ಬಾಗಿದವು. ಇದರಿಂದ ಬಾರ್ತನ ವಾದವೆಲ್ಲ ಸರಿಯೆಂದಾಗುವುದಿಲ್ಲ. ಧಾರ್ಮಿಕ ಆವೇಶದಿಂದಲೇ ಹಿಟ್ಲರನನ್ನು ಸ್ವಾಗತಿಸಿದ ಪಾದ್ರಿಗಳೂ ಆಗ ಬಹುಮಂದಿ ಇದ್ದರು.

1937-38ರಲ್ಲಿ ಆಬರ್ಡೀನಿನವರು ಗಿಫರ್ಡ್ ಉಪನ್ಯಾಸಕ್ಕೆ ಬಾರ್ತನನ್ನೇ ಕರೆದರು. ಪ್ರಕಟಣೆಯನ್ನು ಬದಿಗಿಟ್ಟು ದೇವರನ್ನು ಅರಿಯಬಹುದೆಂಬ ವಿಚಾರಕ್ಕೆ ಅವನು ಬದ್ಧವಿರೋಧಿ. ಆ ವಿಚಾರದ ಏಳಿಗೆಗೆಂದೇ ಏರ್ಪಟ್ಟ ದತ್ತಿ ಅದು. ಅವನು ಇದನ್ನು ಮೊದಲ ಉಪನ್ಯಾಸದಲ್ಲಿಯೇ ಒಪ್ಪಿಕೊಂಡು, ಒಂದು ಶಾಸ್ತ್ರಕ್ಕೆ ಗಟ್ಟಿಯಾದ ಪ್ರತಿಪಕ್ಷವನ್ನು ಒದಗಿಸುವುದೂ ಅದರ ಸೇವೆಯೇ ಎಂಬ ಸಮಾಧಾನದೊಡನೆ, 1560ರ ಸ್ಕಾಟಿಷ್ ವಿಶ್ವಾಸಪ್ರಮಾಣವನ್ನು ವ್ಯಾಖ್ಯಾನಿಸಿದನು. ಗಿಫರ್ಡನು ಬದುಕಿದ್ದರೆ ನಕ್ಕು ಒಪ್ಪುತ್ತಿದ್ದನೇನೋ.

ಯುದ್ಧ ಮುಗಿದ ಮೇಲೆ, 1946ರ ಬೇಸಗೆಯಲ್ಲಿ, ಬಾರ್ತನು ಬಾನ್‌ಗೆ ಅತಿಥಿಯಾಗಿ ಮರಳಿದನು. ವಿಶ್ವವಿದ್ಯಾನಿಲಯವಿದ್ದ ಹಳೆಯ ಅರಮನೆ ಬಾಂಬುಗಳಿಂದ ಅರ್ಧ ಹಾಳಾಗಿದ್ದಿತು. ಬೆಳಿಗ್ಗೆ ಏಳು ಗಂಟೆಗೆ ಪಾಠ. ಮೊದಲು ಒಂದು ಕೀರ್ತನೆಯನ್ನೋ ಸ್ತುತಿಗೀತೆಯನ್ನೋ ಎಲ್ಲರೂ ಕೂಡಿ ಹಾಡುತ್ತಿದ್ದರು. ಎಂಟು ಗಂಟೆಯ ಹೊತ್ತಿಗೆ ಅಂಗಳದಲ್ಲಿ ಕಲ್ಲುಮಣ್ಣಿನ ರಾಶಿಯನ್ನು ತೆರವುಗೊಳಿಸುವ ಯಂತ್ರದ ಸದ್ದು ಏಳುತ್ತಿದ್ದಿತು. ಕೇಳುಗರಲ್ಲಿ ಹೆಚ್ಚಿನವರು ಬೇರೆ ವಿಭಾಗಗಳ ವಿದ್ಯಾರ್ಥಿಗಳು. ಎಂದೂ ಬರೆದುಕೊಂಡೇ ಓದುತ್ತಿದ್ದ ಬಾರ್ತನು ಆ ಮುಖಗಳ ಮುಂದೆ ಮೊದಲ ಬಾರಿಗೆ ಬರಹವಿಲ್ಲದೆ ಮಾತನಾಡಿದನು. ವಿಷಯ ಅಪೊಸ್ತಲರ ವಿಶ್ವಾಸಪ್ರಮಾಣ. ಕ್ರೈಸ್ತರ ಮಕ್ಕಳೂ ಬಾಯಿಪಾಠ ಮಾಡುವ ಕೆಲವೇ ಸಾಲುಗಳು. ಎಲ್ಲ ವಿಭಾಗಗಳ ವಿದ್ಯಾರ್ಥಿಗಳ ಎದುರು ಬರಹವಿಲ್ಲದೆ ಆಡಿದ ಮಾತು ಎಂಬ ಅಂಶದಲ್ಲಿ ಅದು ಹಾರ್ನಾಕನ ಬರ್ಲಿನ್ ಉಪನ್ಯಾಸಗಳನ್ನು ಹೋಲುತ್ತಿದ್ದಿತೆಂಬುದು ಕುತೂಹಲಕರ.

ಇಷ್ಟೆಲ್ಲ ಭಿನ್ನಾಭಿಪ್ರಾಯವಿದ್ದ ಗುರುಶಿಷ್ಯರು ಒಂದು ವಿಷಯದಲ್ಲಿ ಒಂದೇ ಆಗಿದ್ದರು. ಭಾರತೀಯ ಓದುಗನು ಇದನ್ನು ಮರೆಯುವಂತಿಲ್ಲ. ದೈವಶಾಸ್ತ್ರ ವಿಭಾಗಗಳು ಎಲ್ಲ ಧರ್ಮಗಳ ಇತಿಹಾಸವನ್ನೂ ಬೋಧಿಸಬೇಕೆಂಬ ಬೇಡಿಕೆ ಬಂದಾಗ ಹಾರ್ನಾಕನು 1901ರ ಭಾಷಣವೊಂದರಲ್ಲಿ ಅದನ್ನು ವಿರೋಧಿಸಿದನು. ಕ್ರೈಸ್ತಧರ್ಮವನ್ನು ಅದರ ಇತಿಹಾಸದೊಡನೆ ಬಲ್ಲವನು ಧರ್ಮವೆಲ್ಲವನ್ನೂ ಬಲ್ಲನೆಂಬುದು ಅವನ ಅಭಿಪ್ರಾಯ. ಮ್ಯಾಕ್ಸ್ ಮುಲ್ಲರನ ನಿಲುವಿಗೆ ಇದು ನೇರ ವಿರುದ್ಧ. ಬಾರ್ತನದಾದರೋ ಇನ್ನೂ ಕಠಿಣ. 1935ರಲ್ಲಿ ಸಿಂಹಳದ ಕ್ರೈಸ್ತ ನಾಯಕ ಡಿ. ಟಿ. ನೈಲ್ಸ್ ಅವನನ್ನು ಕಂಡಾಗ, ಇತರ ಧರ್ಮಗಳು ಬರಿಯ ಅವಿಶ್ವಾಸವೆಂದು ಬಾರ್ತನು ಹೇಳಿದನಂತೆ. ಎಷ್ಟು ಮಂದಿ ಹಿಂದೂಗಳನ್ನು ನೀವು ಕಂಡಿದ್ದೀರಿ ಎಂದು ನೈಲ್ಸ್ ಕೇಳಿದರು. ಒಬ್ಬರನ್ನೂ ಇಲ್ಲ ಎಂಬ ಉತ್ತರ ಬಂದಿತು. ಹಾಗಾದರೆ ತಿಳಿದುದು ಹೇಗೆ? ಅನುಭವಕ್ಕೆ ಮೊದಲೇ, ತತ್ತ್ವತಃ ತಿಳಿದಿದೆ ಎಂದನಂತೆ. ನೈಲ್ಸರು ಮುಂದೆ ಈ ಪ್ರಸಂಗವನ್ನು ನೆನೆದು ಬರೆದಿದ್ದಾರೆ. ಹಿಟ್ಲರನ ಮುಂದೆ ಬಗ್ಗದ ನಿಷ್ಠೆಯೂ, ಕಾಣದ ಜನರ ಧರ್ಮವನ್ನು ಹೀಗೆ ತೀರ್ಮಾನಿಸುವ ಮಾತೂ ಒಂದೇ ಬೇರಿನಿಂದ ಚಿಗುರಿದವೆಂಬುದು ವಿಷಾದಕರವಾದರೂ ನಿಜ.

ಬಾಸೆಲ್ ಎಂಬ ಹೆಸರು ಕನ್ನಡಿಗರಿಗೆ ಹೊಸದಲ್ಲ. ಅದೇ ಊರಿನ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಿತು. 1847ರಲ್ಲಿ ಅಲ್ಲಿ ದೈವಶಾಸ್ತ್ರದ ಪಾಠಶಾಲೆ ಏರ್ಪಟ್ಟಿತು. ಬೆಂಗಳೂರಿನ ಸಂಯುಕ್ತ ದೈವಶಾಸ್ತ್ರ ಕಾಲೇಜು 1910ರದು. ಇಂತಹ ಶಾಲೆಗಳಲ್ಲಿ ಕಲಿತವರಿಗೆ ನೆರೆಮನೆಯ ಹಿಂದೂವನ್ನು ಕಾಣದಿರುವ ಅವಕಾಶವೇ ಇರಲಿಲ್ಲ. ಕಾರ್ಕಳದಲ್ಲಿ 1920ರಲ್ಲಿ ಜನಿಸಿದ ಸ್ಟ್ಯಾನ್ಲಿ ಸಮರ್ಥ ಅವರು ಬೆಂಗಳೂರಿನಲ್ಲಿ ಕಲಿತು, ಮಂಗಳೂರಿನಲ್ಲಿ ಬೋಧಿಸಿ, 1971ರಲ್ಲಿ ಜಿನೀವಾದ ವಿಶ್ವ ಚರ್ಚುಗಳ ಮಂಡಲಿಯ ಸರ್ವಧರ್ಮ ಸಂವಾದ ವಿಭಾಗಕ್ಕೆ ಪ್ರಥಮ ನಿರ್ದೇಶಕರಾದುದು ಆಕಸ್ಮಿಕವಲ್ಲ.

ತರಗತಿಯ ಇನ್ನೊಂದು ಬದಿಯಲ್ಲಿ ಕುಳಿತಿದ್ದವರೂ ಉಂಟು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದುತ್ತಿದ್ದ ಸರ್ವೇಪಲ್ಲಿ ರಾಧಾಕೃಷ್ಣನ್ ಅವರಿಗೆ ಹಿಂದೂಧರ್ಮವನ್ನು ಕುರಿತ ಮಿಷನರಿಗಳ ಟೀಕೆಗಳೇ ಸ್ವಧರ್ಮದ ಅಧ್ಯಯನಕ್ಕೆ ಪ್ರಚೋದನೆಯಾದವು. ವೇದಾಂತದ ನೀತಿಯನ್ನು ಕುರಿತು 1908ರಲ್ಲಿ ಅವರು ಬರೆದ ಪ್ರಬಂಧ ಆ ಟೀಕೆಗೆ ಉತ್ತರ. ಅದನ್ನು ಮೆಚ್ಚಿದವರು ಅಲ್ಲಿನ ಮಿಷನರಿ ಪ್ರಾಧ್ಯಾಪಕರಾದ ಎ. ಜಿ. ಹಾಗ್ ಅವರೇ. ಮೈಸೂರಿನಲ್ಲಿ 1918ರಿಂದ 1921ರವರೆಗೆ ಬೋಧಿಸಿದ ರಾಧಾಕೃಷ್ಣನ್ ಅವರು 1926ರಲ್ಲಿ ಆಕ್ಸ್‌ಫರ್ಡಿನ ಮ್ಯಾಂಚೆಸ್ಟರ್ ಕಾಲೇಜಿನಲ್ಲಿ, ಕ್ರೈಸ್ತ ಬೋಧಕರನ್ನು ತಯಾರು ಮಾಡುತ್ತಿದ್ದ ಪೀಠದಿಂದಲೇ, ಹಿಂದೂ ಜೀವನದೃಷ್ಟಿಯನ್ನು ಕುರಿತು ಉಪನ್ಯಾಸ ನೀಡಿದರು. ಪೂರ್ವಪಕ್ಷವಾಗಿದ್ದುದು ತಾನೇ ಬಾಯಿ ತೆರೆದು ಮಾತನಾಡಿದಂತಾಯಿತು.

ಗಿಫರ್ಡ್ ಪೀಠಕ್ಕೆ 1988-89ರಲ್ಲಿ ಎಡಿನ್‌ಬರೋದಲ್ಲಿ ಬಂದವರು ರೈಮೊನ್ ಪಣಿಕ್ಕರ್. ಅವರ ತಂದೆ ಹಿಂದೂ, ತಾಯಿ ಸ್ಪೇನಿನ ಕಥೋಲಿಕ ಸ್ತ್ರೀ. ಸ್ವತಃ ಕಥೋಲಿಕ ಪಾದ್ರಿ. ತರಗತಿಯ ಎರಡೂ ಬದಿಗಳಲ್ಲಿ ಕುಳಿತವರೆಂದು ಅವರನ್ನು ಕರೆಯಬಹುದು. ಆ ಉಪನ್ಯಾಸಗಳನ್ನು ಗ್ರಂಥವಾಗಿಸಲು ಅವರು ಇಪ್ಪತ್ತು ವರ್ಷಗಳ ಕಾಲ ತಿದ್ದುತ್ತಲೇ ಇದ್ದರು. ಅದು ಅಚ್ಚಾಗಿ ಹೊರಬಂದುದು 2010ರಲ್ಲಿ, ಅವರು ತೀರಿಕೊಂಡ ವರ್ಷದಲ್ಲಿಯೇ. ಕೊನೆಯ ಅಧ್ಯಾಯವೆಂದು ಯೋಜಿಸಿದ್ದುದನ್ನು, ಅದು ಮಾನವಬುದ್ಧಿಯ ಮೇರೆಯನ್ನು ಮೀರಿದ ವಿಷಯವೆಂದು ಅವರು ಅಚ್ಚಿಗೆ ಕೊಡದೆ ಉಳಿಸಿಕೊಂಡರು.